ಪದಚರ್ಚೆ: ‘ಡಿಪ್ರೆಶನ್’ ಖಿನ್ನತೆಯೋ, ಕುಸಿತವೋ, ಮುಗ್ಗಟ್ಟೋ?

ಪ್ರಶ್ನೆ

ನಮಸ್ಕಾರ. ಅರ್ಥಶಾಸ್ತ್ರದ ಕಿರುಪಠ್ಯವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಭಾಗದ ಕರಡು ಹೀಗಿದೆ:

“1929ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಷೇರುಪೇಟೆ ಕುಸಿದದ್ದರಿಂದ ಮಹಾ ಖಿನ್ನತೆ ಉಂಟಾಯಿತು. ಷೇರುಗಳ ಬೆಲೆ ಶೇ 89ಕ್ಕೆ ಕುಸಿಯಿತು. ಶೇ 10ರ ಲಾಭಾಂಶದ ಮೇಲೆ ಷೇರು ಕೊಂಡವರು ದಿವಾಳಿಯಾದರು. ಹಣದುಬ್ಬರ ಇಳಿಯಿತು. 1933ರಲ್ಲಿ ಬ್ಯಾಂಕುಗಳಿಗೆ ರಜೆ ನೀಡಲಾಯಿತು.”

‘ಗ್ರೇಟ್ ಡಿಪ್ರೆಶನ್’ಗೆ ‘ಮಹಾ ಖಿನ್ನತೆ’ ಸರಿಯೆನಿಸುತ್ತಿಲ್ಲ. ಪತ್ರಿಕೆಗಳು ‘ಆರ್ಥಿಕ ಕುಸಿತ’ ಎನ್ನುತ್ತವೆ, ಕೆಲವರು ‘ಮುಗ್ಗಟ್ಟು’ ಎನ್ನುತ್ತಾರೆ, ‘ಹಿಂಜರಿತ’ ಎಂದವರೂ ಇದ್ದಾರೆ. ಯಾವುದು ಯಾವುದಕ್ಕೆ? ಉಳಿದ ವಾಕ್ಯಗಳನ್ನೂ ದಯವಿಟ್ಟು ನೋಡಿ ತಿಳಿಸಿ.

ಮೊದಲ ಉತ್ತರ

ಖಿನ್ನತೆಯನ್ನು ಕೈಬಿಡಿ, ಅದು ಮನಸ್ಸಿಗೆ ಸೇರಿದ್ದು. ಯಂತ್ರಾನುವಾದದ ಕೃಪೆಯಿಂದ ‘ಮಹಾ ಖಿನ್ನತೆ’ ಜಾಲದಲ್ಲಿ ಎಲ್ಲೆಲ್ಲೂ ಹರಡಿದೆ, ಆದರೆ ಹರಡಿದ್ದೆಲ್ಲ ರೂಢಿಯಲ್ಲ. ಇಂಗ್ಲಿಷಿನವರು ಮನೋವೈದ್ಯಕ್ಕೂ ಹವಾಮಾನಕ್ಕೂ ಅರ್ಥವ್ಯವಸ್ಥೆಗೂ ಒಂದೇ ಪದ ಇಟ್ಟುಕೊಂಡರೆ, ಕನ್ನಡ ಈ ಮೂರನ್ನೂ ಮೊದಲಿನಿಂದಲೂ ಬೇರೆಯಾಗಿಯೇ ಕಂಡಿದೆ. ಹವಾಮಾನ ವರದಿಯ ‘ವಾಯುಭಾರ ಕುಸಿತ’ ಇದೇ ಡಿಪ್ರೆಶನ್. ಆ ದಾರಿಯಲ್ಲಿ ನಡೆದರೆ ‘ಮಹಾ ಆರ್ಥಿಕ ಕುಸಿತ’ ತಪ್ಪಲ್ಲ.

ಆದರೆ ‘ಕ್ರ್ಯಾಶ್’ ಕೂಡ ನಮ್ಮಲ್ಲಿ ಕುಸಿತವೇ. ಹಾಗಾಗಿ ನಿಮ್ಮ ಮೊದಲ ವಾಕ್ಯದಲ್ಲಿ ಖಿನ್ನತೆಯನ್ನಷ್ಟೇ ಬದಲಿಸಿದರೆ “ಕುಸಿದದ್ದರಿಂದ ಮಹಾ ಕುಸಿತ ಉಂಟಾಯಿತು” ಎಂದಾಗುತ್ತದೆ. ಓದುಗರಿಗೆ ಎರಡೂ ಒಂದೇ ಘಟನೆಯಾಗಿ ಕಾಣುತ್ತದೆ. ಅವು ಬೇರೆ ಬೇರೆ, ಕಾಲಮಾನವೇ ಬೇರೆ. ಅಮೆರಿಕದ ಆರ್ಥಿಕ ಚಟುವಟಿಕೆ ತುದಿ ಮುಟ್ಟಿ ಇಳಿಮುಖವಾದದ್ದು 1929ರ ಆಗಸ್ಟ್‌ನಲ್ಲಿ, ತಳ ಮುಟ್ಟಿದ್ದು 1933ರ ಮಾರ್ಚ್‌ನಲ್ಲಿ. ಅಂದರೆ 43 ತಿಂಗಳು. ನ್ಯೂಯಾರ್ಕ್ ಪೇಟೆಯ ಪ್ರಮುಖ ಷೇರುಗಳ ಏರಿಳಿತ ತೋರಿಸುವ ಡೌ ಜೋನ್ಸ್ ಸೂಚ್ಯಂಕ ತನ್ನ ಶಿಖರವಾದ 381.17ನ್ನು ಮುಟ್ಟಿದ್ದು ಸೆಪ್ಟೆಂಬರ್ 3ರಂದು, ಉತ್ಪಾದನೆ ಇಳಿಯತೊಡಗಿದ ಮೇಲೆ. ಕ್ರ್ಯಾಶ್ ಎಂದು ಕರೆಯುವುದು ಅಕ್ಟೋಬರ್‌ನ ಕೆಲವೇ ದಿನಗಳನ್ನು: 24ರ ಗುರುವಾರ ಸುಮಾರು 1.29 ಕೋಟಿ ಷೇರುಗಳ ಮಾರಾಟ, 28ರ ಸೋಮವಾರ ಶೇ 12.8ರಷ್ಟು ಇಳಿಕೆ, 29ರ ಮಂಗಳವಾರ ಮತ್ತೆ ಶೇ 11.7, ಆ ದಿನ ಕೈಬದಲಾದ ಷೇರುಗಳು ಸುಮಾರು 1.64 ಕೋಟಿ. ಆಮೇಲೆ ಪೇಟೆ ಚೇತರಿಸಿಕೊಂಡು 1930ರ ಏಪ್ರಿಲ್ ಹೊತ್ತಿಗೆ 294ರವರೆಗೆ ಏರಿತ್ತು. ಇದನ್ನು ಪಠ್ಯಗಳು ಸಾಮಾನ್ಯವಾಗಿ ಹೇಳುವುದೇ ಇಲ್ಲ. ನಿಜವಾದ ತಳ 41.22 ಬಂದದ್ದು 1932ರ ಜುಲೈ 8ರಂದು.

‘ಕುಸಿದದ್ದರಿಂದ ಉಂಟಾಯಿತು’ ಎಂಬಲ್ಲಿನ ‘ಇಂದ’ ಪ್ರತ್ಯಯ ಹೊರಲಾರದಷ್ಟು ಭಾರ ಹೊತ್ತಿದೆ. 1987ರ ಅಕ್ಟೋಬರ್ 19ರಂದು ಇದೇ ಡೌ ಒಂದೇ ದಿನದಲ್ಲಿ ಶೇ 22.6ರಷ್ಟು ಬಿತ್ತು. 1929ರ ಯಾವ ಒಂದು ದಿನವೂ ಅಷ್ಟು ಬಿದ್ದಿರಲಿಲ್ಲ. ಆದರೂ ಮುಗ್ಗಟ್ಟಿರಲಿ, ಹಿಂಜರಿತವೂ ಬರಲಿಲ್ಲ. ಬೇಕಾದಷ್ಟು ನಗದು ಒದಗಿಸುತ್ತೇವೆ ಎಂದು ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್ ಮರುದಿನ ಬೆಳಿಗ್ಗೆಯೇ ಪ್ರಕಟಿಸಿದ್ದು, ಬ್ಯಾಂಕುಗಳು ಸಾಲ ಕೊಡುವುದನ್ನು ನಿಲ್ಲಿಸದೆ ಇದ್ದದ್ದು ಇದಕ್ಕೆ ಮುಖ್ಯ ಕಾರಣ.

1929ರ ಪೇಟೆ ಕುಸಿತ ಮಾಡಿದ್ದು ಇಷ್ಟು: ಆಸ್ತಿ ಕರಗಿತು, ಮುಂದೇನೋ ಎಂಬ ಅಳುಕು ಹುಟ್ಟಿತು, ಕಂತಿನ ಮೇಲೆ ಕಾರು, ರೇಡಿಯೋ ಕೊಳ್ಳುತ್ತಿದ್ದ ಜನ ಕೈ ಬಿಗಿಹಿಡಿದರು. ಅಷ್ಟಕ್ಕೇ ನಿಂತಿದ್ದರೆ ಅದೊಂದು ಕೆಟ್ಟ ಹಿಂಜರಿತವಾಗಿ ಮುಗಿಯುತ್ತಿತ್ತು. ಅದನ್ನು ಮಹಾ ಪಾಡಾಗಿ ಬೆಳೆಸಿದ್ದು ಬ್ಯಾಂಕುಗಳ ಸರಣಿ ಪತನ. 1930ರಿಂದ 1933ರ ನಡುವೆ ಸುಮಾರು 9,000 ಬ್ಯಾಂಕುಗಳು ಮುಳುಗಿದವು. ಠೇವಣಿಗೆ ವಿಮೆಯಿರಲಿಲ್ಲ, ಆದ್ದರಿಂದ ಗಟ್ಟಿಯಾಗಿದ್ದ ಬ್ಯಾಂಕಿನ ಮೇಲೂ ಜನ ಮುಗಿಬಿದ್ದು ಹಣ ತೆಗೆದರು. ಹೊರಗೆ ಹೋದ ನಗದು ತುಂಬಿಕೊಳ್ಳಲು ಬ್ಯಾಂಕುಗಳು ಸಾಲ ವಾಪಸು ಕೇಳಿದವು, ಬಾಂಡುಗಳನ್ನು ಸಿಕ್ಕ ಬೆಲೆಗೆ ಮಾರಿದವು. ಚಲಾವಣೆಯ ಹಣ ಮತ್ತು ಠೇವಣಿ ಸೇರಿ ಒಟ್ಟು ಹಣದ ಪ್ರಮಾಣ ಸುಮಾರು ಮೂರನೇ ಒಂದು ಭಾಗ ಕುಗ್ಗಿತು. ಇದರ ಜೊತೆಗೆ ಚಿನ್ನದ ಮಾನದ ಕಟ್ಟುಪಾಡು, ಅಂದರೆ ಹಣವನ್ನು ಗೊತ್ತಾದ ದರದಲ್ಲಿ ಚಿನ್ನಕ್ಕೆ ಬದಲಿಸಿಕೊಡುವ ಹೊಣೆ. 1931ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಚಿನ್ನದ ಮಾನದಿಂದ ಹೊರಬಿದ್ದಾಗ, ಅಮೆರಿಕದಿಂದ ಚಿನ್ನ ಹರಿದುಹೋಗದಂತೆ ತಡೆಯಲು ಫೆಡರಲ್ ರಿಸರ್ವ್ ಅಕ್ಟೋಬರ್‌ನಲ್ಲಿ ಬಡ್ಡಿಯನ್ನು ಶೇ 1.5ರಿಂದ 3.5ಕ್ಕೆ ಏರಿಸಿತು. ಬೇಕಿದ್ದದ್ದಕ್ಕೆ ತದ್ವಿರುದ್ಧ ಮದ್ದು. ಆಮದು ಸುಂಕ ಏರಿಸಿದ 1930ರ ಸ್ಮೂಟ್–ಹಾಲಿ ಕಾಯ್ದೆಯೂ ಪಾಲುದಾರನೇ, ಆದರೆ ಕೆಲವು ಪಠ್ಯಗಳು ಕೊಡುವಷ್ಟು ದೊಡ್ಡ ಪಾಲು ಅದಕ್ಕೆ ಸಲ್ಲದು.

ಹೀಗಾಗಿ ನಿಮ್ಮ ವಾಕ್ಯವನ್ನು “ಆಗಲೇ ಶುರುವಾಗಿದ್ದ ಹಿಂಜರಿತವನ್ನು ಷೇರುಪೇಟೆಯ ಕುಸಿತ ತೀವ್ರಗೊಳಿಸಿತು, ಬ್ಯಾಂಕುಗಳ ಪತನ ಅದನ್ನು ಇನ್ನೂ ಆಳಕ್ಕೆ ನೂಕಿತು” ಎಂದು ಒಡೆದು ಬರೆಯಿರಿ. ಕ್ರ್ಯಾಶ್‌ಗೆ ಬರಿಯ ‘ಕುಸಿತ’ ಬೇಡ, ಪ್ರತಿಸಲವೂ ‘ಷೇರುಪೇಟೆ ಕುಸಿತ’ ಎಂದೇ ಇರಲಿ.

‘ಶೇ 89ಕ್ಕೆ ಕುಸಿಯಿತು’ ಎಂದರೆ 100 ಇದ್ದದ್ದು 89 ಆಯಿತು ಎಂದರ್ಥ. ನಿಜದಲ್ಲಿ ಉಳಿದದ್ದು 11 ಮಾತ್ರ. ‘ಶೇ 89ರಷ್ಟು’ ಎಂದಾಗಬೇಕು. ಪತ್ರಿಕೆಗಳ ತಲೆಬರಹಗಳಲ್ಲಿ ‘ಕ್ಕೆ’ ಮತ್ತು ‘ರಷ್ಟು’ ಅದಲುಬದಲಾಗುವುದು ನಿತ್ಯದ ಮಾತು. ಸೂಚ್ಯಂಕದ ‘ಅಂಶ’ಗಳಲ್ಲಿ (ಪಾಯಿಂಟ್) ಬರೆಯುವಾಗ ಶೇಕಡಾವಾರನ್ನೂ ಜೊತೆಗಿಡಿ: 1929ರ ಅಕ್ಟೋಬರ್ 28ರಂದು ಬಿದ್ದದ್ದು 38 ಅಂಶ, ಇಂದಿನ ಓದುಗ ಇಷ್ಟೇನಾ ಎಂದು ನಗುತ್ತಾನೆ.

ಮೂರನೆಯ ವಾಕ್ಯದಲ್ಲಿ ಅರ್ಥವೇ ಬೇರೆಯಾಗಿದೆ. ಷೇರುಪೇಟೆಯಲ್ಲಿ ಲಾಭಾಂಶವೆಂದರೆ ಡಿವಿಡೆಂಡ್. ಮೂಲದಲ್ಲಿ ಇರುವುದು ಮಾರ್ಜಿನ್, ಅಂದರೆ ಷೇರಿನ ಬೆಲೆಯಲ್ಲಿ ಕೊಳ್ಳುವವನು ಕೈಯಿಂದ ಹಾಕುವ ಪಾಲು. ಉಳಿದದ್ದು ದಲ್ಲಾಳಿಯ ಸಾಲ, ಕೊಂಡ ಷೇರೇ ಅದಕ್ಕೆ ಅಡಮಾನ. 100 ಡಾಲರಿನ ಷೇರಿಗೆ 10 ಕೈಯಿಂದ, 90 ಸಾಲ ಎಂದಿಟ್ಟುಕೊಳ್ಳಿ. ಬೆಲೆ 110 ಆದರೆ ಬಡ್ಡಿ ಬಿಟ್ಟು ನಿಮ್ಮ 10 ದುಪ್ಪಟ್ಟು. 90 ಆದರೆ ನಿಮ್ಮದು ಸೊನ್ನೆ. ಬೆಲೆ ಶೇ 10ರಷ್ಟು ಇಳಿದರೆ ನಷ್ಟ ಶೇ 100. ದಲ್ಲಾಳಿ ಅಲ್ಲಿಯವರೆಗೆ ಕಾಯುವುದಿಲ್ಲ. ಬೆಲೆ 95 ಆದಾಗ ನಿಮ್ಮ ಪಾಲು 5ಕ್ಕೆ ಇಳಿದಿರುತ್ತದೆ. 95ರ ಹತ್ತನೇ ಒಂದು ಪಾಲು 9.50, ಆದ್ದರಿಂದ ಇನ್ನೂ 4.50 ತುಂಬಿ ಎನ್ನುತ್ತಾನೆ. ಇದೇ ‘ಮಾರ್ಜಿನ್ ಕಾಲ್’. ತುಂಬದಿದ್ದರೆ ನಿಮ್ಮನ್ನು ಕೇಳದೆ ಷೇರು ಮಾರುತ್ತಾನೆ. ಆ ಮಾರಾಟದಿಂದ ಬೆಲೆ ಇನ್ನಷ್ಟು ಇಳಿದು ಪಕ್ಕದವನಿಗೂ ಕರೆ ಹೋಗುತ್ತದೆ. ಪೇಟೆ ಎರಡೇ ದಿನದಲ್ಲಿ ಅಷ್ಟು ಬೀಳಲು ಈ ಬಲವಂತದ ಮಾರಾಟವೂ ಒಂದು ಕಾರಣ.

‘ಮಾರ್ಜಿನ್’ ಎಂದೇ ಬಿಡಿ, ಮೊದಲ ಸಲ ಬಂದಾಗ ‘ಕೈಹಣ’ ಎಂದು ವಿವರಿಸಿ. ‘ಅಂಚಿನ ಕರೆ’ಯೆಂಬ ಅನುವಾದವನ್ನೂ ಕಂಡಿದ್ದೇನೆ, ದೇವರೇ ಕಾಪಾಡಬೇಕು. ಇನ್ನೊಂದು ಮಾತು: ಎಲ್ಲರಿಗೂ ಶೇ 10 ಎಂಬ ನಿಯಮವೇನೂ ಆಗ ಇರಲಿಲ್ಲ. ದಲ್ಲಾಳಿಯಿಂದ ದಲ್ಲಾಳಿಗೆ ಬೇರೆ ಇತ್ತು, 1929ರಲ್ಲಿ ಅನೇಕರು ಅದಕ್ಕಿಂತ ಬಹಳ ಹೆಚ್ಚು ಕೇಳುತ್ತಿದ್ದರು. ‘ಸ್ವಲ್ಪವೇ ಕೈಹಣ ಹಾಕಿ, ಉಳಿದದ್ದಕ್ಕೆ ದಲ್ಲಾಳಿಯ ಸಾಲ ಪಡೆದು ಷೇರು ಕೊಂಡವರು’ ಎಂದರೆ ಸುರಕ್ಷಿತ. ಮಾರ್ಜಿನ್ ನಿಗದಿಪಡಿಸುವ ಅಧಿಕಾರ ಫೆಡರಲ್ ರಿಸರ್ವ್‌ಗೆ ಸಿಕ್ಕಿದ್ದು 1934ರ ಕಾನೂನಿನಿಂದ.

‘ರಜೆ ನೀಡಲಾಯಿತು’ ಎಂದರೆ ಹಬ್ಬದ ರಜೆಯಂತಿದೆ. 1933ರ ಮಾರ್ಚ್ 6ರಿಂದ ಅಧ್ಯಕ್ಷ ರೂಸ್‌ವೆಲ್ಟ್ ದೇಶದ ಎಲ್ಲ ಬ್ಯಾಂಕುಗಳ ವಹಿವಾಟು ನಿಲ್ಲಿಸಿ, ತಪಾಸಣೆಯಲ್ಲಿ ಪಾಸಾದವನ್ನು ಮಾತ್ರ ಮತ್ತೆ ತೆರೆಯಿಸಿದರು. ‘ಬ್ಯಾಂಕುಗಳನ್ನು ತಾತ್ಕಾಲಿಕವಾಗಿ ಮುಚ್ಚಿಸಲಾಯಿತು’ ಸಾಕು.

ಎರಡನೆಯ ಉತ್ತರ

ಮೇಲಿನವರ ವಿವರಣೆಗೆ ನನ್ನ ತಕರಾರಿಲ್ಲ, ‘ಮಹಾ ಆರ್ಥಿಕ ಕುಸಿತ’ಕ್ಕೆ ಇದೆ. ಕುಸಿತ ಎನ್ನುವುದು ಒಂದು ಚಲನೆ: ಮೇಲಿದ್ದದ್ದು ಕೆಳಗೆ ಬರುವುದು. ಅಮೆರಿಕದ ಉತ್ಪಾದನೆ 1933ರ ಮಾರ್ಚ್ ನಂತರ 1937ರವರೆಗೆ ಒಟ್ಟಾರೆ ಏರುತ್ತಿತ್ತು. ಆದರೂ 1935ನ್ನು ಯಾರೂ ಡಿಪ್ರೆಶನ್‌ನ ಹೊರಗಿಡುವುದಿಲ್ಲ. ಏರುತ್ತಿರುವುದನ್ನು ಕುಸಿತ ಎನ್ನುವುದು ಹೇಗೆ? ಅಲ್ಲಿ ಹೇಳಬೇಕಾದದ್ದು ದಿಕ್ಕನ್ನಲ್ಲ, ಸ್ಥಿತಿಯನ್ನು. 1933ರಲ್ಲಿ ದುಡಿಯುವವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ, ನಿರುದ್ಯೋಗ ಶೇ 10ಕ್ಕಿಂತ ಕೆಳಗೆ ಬರಲು 1941 ಆಗಬೇಕಾಯಿತು. ಆ ಸ್ಥಿತಿಗೆ ‘ಮುಗ್ಗಟ್ಟು’ ಸರಿಯಾಗಿ ಒಪ್ಪುತ್ತದೆ. ‘ಮುಗ್ಗಟ್ಟಿನಲ್ಲಿ ಹತ್ತು ವರ್ಷ ಕಳೆದರು’ ಎನ್ನಬಹುದು. ‘ಕುಸಿತದಲ್ಲಿ ಹತ್ತು ವರ್ಷ ಕಳೆದರು’ ಎಂದರೆ ಗೋಡೆಯ ಕೆಳಗೆ ಸಿಕ್ಕಿಕೊಂಡಂತೆ ಕೇಳುತ್ತದೆ.

‘ಹಿಂಜರಿತ’ವನ್ನು ರಿಸೆಶನ್‌ಗೆ ಮೀಸಲಿಡಿ, ಅದು ಇಳಿಮುಖದ ಅವಧಿಯ ಹೆಸರು. ಹೀಗೆ ಬೇರ್ಪಡಿಸಿಕೊಂಡರೆ 1937ರ ಮೇ ತಿಂಗಳಿಂದ 1938ರ ಜೂನ್‌ವರೆಗಿನದನ್ನು ‘ಮುಗ್ಗಟ್ಟಿನೊಳಗಿನ ಹಿಂಜರಿತ’ ಎಂದು ಸಲೀಸಾಗಿ ಹೇಳಬಹುದು. ಬೆಳವಣಿಗೆಯ ದರ ಶೇ 7ರಿಂದ 5ಕ್ಕೆ ಬಂದರೆ ಅದು ಹಿಂಜರಿತವಲ್ಲ, ‘ಮಂದಗತಿ’. ಸತತ ಎರಡು ತ್ರೈಮಾಸಿಕ ಉತ್ಪಾದನೆ ಇಳಿದರೆ ಹಿಂಜರಿತ ಎನ್ನುವುದು ಕೈಲೆಕ್ಕ ಮಾತ್ರ. ಅಮೆರಿಕದಲ್ಲಿ ಅದನ್ನು ತೀರ್ಮಾನಿಸುವ ಸಮಿತಿ ಉದ್ಯೋಗ, ಆದಾಯ, ಮಾರಾಟ ಎಲ್ಲವನ್ನೂ ನೋಡುತ್ತದೆ, 2020ರ ಕೇವಲ ಎರಡು ತಿಂಗಳ ಇಳಿತವನ್ನೂ ಹಿಂಜರಿತವೆಂದೇ ಬರೆದುಕೊಂಡಿತು. ಡಿಪ್ರೆಶನ್‌ಗೆ ಅಂಥ ಅಧಿಕೃತ ಅಳತೆಯಿಲ್ಲ. ಇನ್ನು ‘ಬಿಕ್ಕಟ್ಟು’ ಕ್ರೈಸಿಸ್‌ಗೆ ಇರಲಿ.

ನಾಲ್ಕನೆಯ ವಾಕ್ಯವನ್ನು ಮೇಲಿನವರು ಮುಟ್ಟಲಿಲ್ಲ, ಕರಡಿನಲ್ಲಿ ಅತಿ ಅಪಾಯಕಾರಿಯಾದದ್ದು ಅದೇ. ‘ಹಣದುಬ್ಬರ ಇಳಿಯಿತು’ ಎಂದರೆ ಬೆಲೆಗಳು ಏರುತ್ತಲೇ ಇವೆ, ಏರುವ ವೇಗ ತಗ್ಗಿದೆ ಎಂದರ್ಥ. ಓದುಗ ಒಳ್ಳೆಯದಾಯಿತು ಎಂದುಕೊಳ್ಳುತ್ತಾನೆ. ನಡೆದದ್ದು ಡಿಫ್ಲೇಶನ್: 1929ರಿಂದ 1933ರೊಳಗೆ ಗ್ರಾಹಕ ಬೆಲೆಗಳೇ ಸುಮಾರು ಕಾಲುಭಾಗ ಇಳಿದವು. ಬಳಕೆಯಲ್ಲಿರುವ ‘ಹಣದುಬ್ಬರವಿಳಿತ’ಕ್ಕೂ ಇದೇ ಗೊಂದಲ ಅಂಟಿದೆ. ‘ಒಟ್ಟಾರೆ ಬೆಲೆಯಿಳಿತ’ ಎಂದು ಬಿಡಿಸಿ ಬರೆಯಿರಿ.

ಬೆಲೆ ಇಳಿದರೆ ಕೆಟ್ಟದ್ದೇನು ಎಂಬ ಪ್ರಶ್ನೆ ಬಂದೇ ಬರುತ್ತದೆ, ಒಂದು ಲೆಕ್ಕ ಕೊಡಿ. ರೈತನಿಗೆ 1,000 ಡಾಲರ್ ಸಾಲ, ಗೋಧಿ ಬುಷೆಲ್‌ಗೆ (ಧಾನ್ಯದ ಒಂದು ಅಳತೆ) 1 ಡಾಲರ್ ಇದ್ದಾಗ 1,000 ಬುಷೆಲ್ ಮಾರಿದರೆ ಸಾಲ ಚುಕ್ತಾ. ಬೆಲೆ 40 ಸೆಂಟ್‌ಗೆ ಬಂದರೆ 2,500 ಬುಷೆಲ್ ಬೇಕು. ಸಾಲಪತ್ರದ ಅಂಕಿ ಬದಲಾಗಿಲ್ಲ, ಸಾಲ ಮಾತ್ರ ಎರಡೂವರೆ ಪಟ್ಟು. ಬಡ್ಡಿ ಶೇ 5 ಇದ್ದು ಬೆಲೆಗಳು ವರ್ಷಕ್ಕೆ ಶೇ 10ರಷ್ಟು ಇಳಿದರೆ ನೈಜ ಬಡ್ಡಿ, ಅಂದರೆ ಬೆಲೆಯಿಳಿತವನ್ನೂ ಲೆಕ್ಕಕ್ಕೆ ಹಿಡಿದ ಬಡ್ಡಿ, ಶೇ 16ಕ್ಕೂ ಮೇಲೆ. ಸಾಲ ತೀರಿಸಲು ಎಲ್ಲರೂ ಒಟ್ಟಿಗೆ ಮಾರಲು ಹೊರಟರೆ ಬೆಲೆ ಇನ್ನೂ ಇಳಿಯುತ್ತದೆ, ಉಳಿದ ಸಾಲ ಇನ್ನೂ ಭಾರವಾಗುತ್ತದೆ. ಅರ್ಥಶಾಸ್ತ್ರಜ್ಞ ಇರ್ವಿಂಗ್ ಫಿಶರ್ 1933ರಲ್ಲಿ ವಿವರಿಸಿದ್ದು ಈ ಸುಳಿಯನ್ನೇ. ‘ಸಾಲ–ಬೆಲೆಯಿಳಿತದ ಸುಳಿ’ ಎಂದು ಕರೆಯಬಹುದೇನೋ, ಇದಕ್ಕಿಂತ ಚೊಕ್ಕ ಪದ ಯಾರಿಗಾದರೂ ಹೊಳೆದರೆ ಹೇಳಿ.

‘ಚೇತರಿಕೆ’ ಬರೆಯುವಾಗ ಯಾವುದರ ಚೇತರಿಕೆ ಎಂದು ಕಡ್ಡಾಯವಾಗಿ ಸೇರಿಸಿ. ಬೆಲೆವ್ಯತ್ಯಾಸ ಕಳೆದ ಉತ್ಪಾದನೆ 1929ರ ಮಟ್ಟ ದಾಟಿದ್ದು 1936ರಲ್ಲಿ. ಡೌ ಮತ್ತೆ 381ಕ್ಕೆ ಬಂದದ್ದು 1954ರ ನವೆಂಬರ್‌ನಲ್ಲಿ, ಅದರಲ್ಲಿ ಹೂಡಿಕೆದಾರರಿಗೆ ನಡುವೆ ಸಿಕ್ಕ ಡಿವಿಡೆಂಡ್ ಸೇರಿಲ್ಲ. ಇಲ್ಲಿ ಮಾತ್ರ ನೀವು ‘ಲಾಭಾಂಶ’ ಎಂದು ಧೈರ್ಯವಾಗಿ ಬರೆಯಬಹುದು.