ಮಂಡಗದ್ದೆ ದಾಟಿದರೆ ಕೈ ಬೆವರುತ್ತದೆ: ಹಲ್ಲಿನ ಡಾಕ್ಟರ ಭಯ ಯಾರಿಗಾದರೂ ಇದೆಯಾ?

ತೋಟದಮನೆ, ತೀರ್ಥಹಳ್ಳಿ
ನನಗೆ 46 ವರ್ಷ. ಅಡಿಕೆ ತೋಟ ಇದೆ. ಕಾಲಿಗೆ ಇಂಬಳ ಹತ್ತಿದರೆ ಕಿತ್ತು ಬಿಸಾಕಿ ಕೆಲಸ ಮುಂದುವರಿಸುವ ಪೈಕಿ. ಹೋದ ವರ್ಷ ಕತ್ತಿ ತಾಗಿ ಕೈಗೆ ಆರು ಹೊಲಿಗೆ ಬಿತ್ತು. ಡಾಕ್ಟರ ಹತ್ತಿರ ಅಡಿಕೆ ರೇಟು ಮಾತಾಡುತ್ತಾ ಹಾಕಿಸಿಕೊಂಡೆ. ಹಲ್ಲಿನ ವಿಷಯ ಬಂದರೆ ಮಾತ್ರ ಮುಗಿಯಿತು.

ಕೆಳಗಿನ ಬಲಗಡೆ ದವಡೆ ಹಲ್ಲು ಹುಳುಕಾಗಿದೆ. ರೂಟ್ ಕೆನಾಲ್ ಮಾಡಬೇಕಂತೆ. ಎರಡು ಸಲ ಶಿವಮೊಗ್ಗಕ್ಕೆ ಹೋದೆ. ಬಸ್ಸು ಮಂಡಗದ್ದೆ ದಾಟುವಾಗಲೇ ಅಂಗೈ ಒದ್ದೆ. ಗಾಜನೂರು ಬರುವಷ್ಟರಲ್ಲಿ ಹೊಟ್ಟೆ ತೊಳೆಸಲು ಶುರು. ಕ್ಲಿನಿಕ್ಕಿನ ಬಾಗಿಲು ತೆಗೆದರೆ ಆ ಲವಂಗದ ಎಣ್ಣೆ ವಾಸನೆ ಬೇರೆ. ಮೊದಲ ಸಲ ಹೊರಗಿನಿಂದಲೇ ವಾಪಸ್. ಎರಡನೇ ಸಲ ಕುರ್ಚಿ ಹಿಂದಕ್ಕೆ ವಾಲುವ ತನಕ ತಡೆದುಕೊಂಡೆ. ಆಮೇಲೆ, ಮನೆಯಲ್ಲಿ ಹಸು ಕರು ಹಾಕುತ್ತಿದೆಯಂತೆ, ಫೋನ್ ಬಂತು ಅಂದು ಎದ್ದು ಬಂದೆ. ನಾವು ಹಸು ಸಾಕುವುದು ಬಿಟ್ಟು ನಾಲ್ಕು ವರ್ಷ ಆಯಿತು.

ಎಂಟನೇ ಕ್ಲಾಸಿನಲ್ಲಿ ಒಂದು ಹಲ್ಲು ಕೀಳಿಸಿದ್ದರು. ಇಂಜೆಕ್ಷನ್ ಹಿಡಿಯುವ ಮೊದಲೇ ಇಕ್ಕಳ ಹಾಕಿದರು. ಬಾಯಿ ತುಂಬ ಹತ್ತಿ, ನೋಯುತ್ತಿದೆ ಅನ್ನಲೂ ಆಗಲಿಲ್ಲ. 'ಗಂಡು ಹುಡುಗ, ಅಳ್ತೀಯೇನೋ' ಅಂದರು. ಅದೇ ಕಾರಣ ಇರಬಹುದಾ? ಮೂವತ್ತು ವರ್ಷದ ಮೇಲಾಯಿತಲ್ಲ ಮಾರಾಯ್ರೆ!

ಅಡ್ಡಮಳೆ
ಮೊದಲು ಎಲೆ-ಅಡಿಕೆ ಕವಳ ಬಿಡಿ. ಭಯದ ಕತೆ ಆಮೇಲೆ ನೋಡುವಾ.

ಹಲ್ಲು ಡಾಕ್ಟ್ರು, ಸಾಗರ
ತೋಟದಮನೆಯವರೇ, ಅವತ್ತಿನ ನೋವಿಗಿಂತ 'ನಿಲ್ಲಿಸಿ' ಅನ್ನಲು ಆಗಲಿಲ್ಲವಲ್ಲ, ಅದು ನಿಮ್ಮನ್ನು ಹಿಡಿದುಕೊಂಡಿದೆ ಅಂತ ಕಾಣುತ್ತದೆ. ಹೊಲಿಗೆ ಹಾಕುವಾಗ ನೀವು ಕೈ ನೋಡುತ್ತಿದ್ದಿರಿ, ಮಾತೂ ಆಡುತ್ತಿದ್ದಿರಿ. ನಮ್ಮ ಕುರ್ಚಿಯಲ್ಲಿ ಎರಡೂ ಇಲ್ಲ.

ಈ ಭಯ ಅಳೆಯಲು ಕೋರಾ ಎಂಬುವರು 1969ರಲ್ಲಿ ನಾಲ್ಕು ಪ್ರಶ್ನೆ ಮಾಡಿದ್ದರು. ನಾಳೆ ಹೋಗಬೇಕು ಅಂದರೆ ಹೇಗನಿಸುತ್ತದೆ, ಹೊರಗೆ ಕೂತಾಗ ಹೇಗೆ, ಡ್ರಿಲ್ ರೆಡಿ ಮಾಡುವಾಗ ಹೇಗೆ, ಹಲ್ಲು ಕ್ಲೀನ್ ಮಾಡುವ ಸಾಮಾನು ಎತ್ತಿಕೊಳ್ಳುವಾಗ ಹೇಗೆ. ನಾಲ್ಕೂ ಕಾಯುವುದರ ಬಗ್ಗೆಯೇ! ನಿಮ್ಮ ಮಂಡಗದ್ದೆ, ಗಾಜನೂರು ಅದರಲ್ಲೇ ಬರುತ್ತವೆ. ಬೆಳಗಿನ ಮೊದಲ ನಂಬರ್ ಕೇಳಿ.

ಇಂಜೆಕ್ಷನ್‌ನಲ್ಲಿ ಹೆಚ್ಚಾಗಿ ಅಡ್ರಿನಲಿನ್ ಸೇರಿರುತ್ತದೆ, ಔಷಧಿ ಅಲ್ಲೇ ಜಾಸ್ತಿ ಹೊತ್ತು ನಿಲ್ಲಲಿ ಅಂತ. ಅದರಿಂದ ಕೆಲವರಿಗೆ ಸ್ವಲ್ಪ ಹೊತ್ತು ಎದೆ ಡವಡವ ಅನ್ನುತ್ತದೆ. ಅದನ್ನೇ ಹೆದರಿಕೆ ಅಂದುಕೊಂಡು ಇನ್ನಷ್ಟು ಹೆದರುತ್ತಾರೆ. ಕೀವಾದ ಹಲ್ಲಿಗೆ ಇಂಜೆಕ್ಷನ್ ಹಿಡಿಯುವುದೂ ಕಷ್ಟ, ಹಾಗಾಗಿ ಮುಂದೂಡಬೇಡಿ. ಎಡಗೈ ಎತ್ತಿದರೆ ನಿಲ್ಲಿಸಬೇಕು ಅಂತ ಮೊದಲೇ ಹೇಳಿ. ಬಲಗಡೆ ಸಾಮಾನ್ಯವಾಗಿ ಡಾಕ್ಟರು ಕೂತಿರುತ್ತಾರೆ, ಅದಕ್ಕೆ ಎಡಗೈ. ಒಪ್ಪದವರ ಮುಂದೆ ಬಾಯಿ ತೆಗೆಯಬೇಡಿ.

ಮನೆಗೆ ಬರುವ ಮೊದಲೇ ಎಷ್ಟು ನೋವಾಯಿತು ಅಂತ ಚೀಟಿಯಲ್ಲಿ ಬರೆದಿಡಿ. ಜಾಸ್ತಿ ಹೆದರುವವರಿಗೆ ಮೂರು ತಿಂಗಳ ಮೇಲೆ ನಿಜವಾಗಿ ಆದದ್ದಕ್ಕಿಂತ ಹೆಚ್ಚಿನ ನೋವು ನೆನಪಿರುತ್ತದೆ ಅಂತ ಕೆಂಟ್ ಎಂಬುವರು 1985ರಲ್ಲೇ ತೋರಿಸಿದ್ದಾರೆ.

ಹೊಸನಗರದ ಅಕ್ಕ
ತಮ್ಮಾ, ನನಗೆ ಡ್ರಿಲ್ಲಿಗಿಂತ ಬೈಗುಳದ ಭಯ. 'ಇಷ್ಟು ದಿನ ಏನು ಮಾಡ್ತಿದ್ರಿ' ಅಂತ ಒಬ್ಬರು ಎಲ್ಲರೆದುರು ಕೇಳಿದ್ದಕ್ಕೆ ಮತ್ತೆ ಆರು ವರ್ಷ ಹೋಗಲಿಲ್ಲ. ಎರಡು ಹಲ್ಲು ಹೋಯಿತು. ಮಗಳು ಫೋನಿನಲ್ಲೇ 'ಅಮ್ಮ ಹೆದರುತ್ತಾರೆ, ಬೈಯಬೇಡಿ' ಅಂದು ನಂಬರ್ ತಗೊಂಡಳು. ನಾಚಿಕೆಯಾಯಿತು. ಆದರೆ ಅವರು ಬೈಯಲಿಲ್ಲ.

ತೋಟದಮನೆ, ತೀರ್ಥಹಳ್ಳಿ
ಗುರುವಾರ ಹೋಗಿ ಬಂದೆ. ಮೊದಲ ಬಸ್ಸು, ಮೊದಲ ನಂಬರ್. ಅಂಗೈ ಈ ಸಲವೂ ಒದ್ದೆಯೇ. ಎಡಗೈ ಮೂರು ಸಲ ಎತ್ತಿದೆ. ಮೂರನೇ ಸಲ ನೋವೇನೂ ಇರಲಿಲ್ಲ, ನಿಜವಾಗಿ ನಿಲ್ಲಿಸುತ್ತಾರಾ ಅಂತ ಸುಮ್ನೆ ನೋಡಿದ್ದು. ನಿಲ್ಲಿಸಿದರು. ಬಸ್ ಟಿಕೆಟ್ಟಿನ ಹಿಂದೆ 'ಇಂಜೆಕ್ಷನ್ ಚುಚ್ಚುವಾಗ ಮಾತ್ರ, ಇರುವೆ ಕಚ್ಚಿದಷ್ಟು' ಅಂತ ಬರೆದಿಟ್ಟಿದ್ದೇನೆ.

ಬರುವ ವಾರ ಮತ್ತೆ ಹೋಗಬೇಕು. ಹಸು ಏನಾಯಿತು ಅಂತ ಡಾಕ್ಟರು ಕೇಳಿದರು. ಹೆಣ್ಣು ಕರು ಅಂದೆ.