ಅಪ್‌ಡೇಟ್: ಅಪ್ಪನಿಗೆ ಬಂದಿದ್ದು ಮಂಗನ ಕಾಯಿಲೆಯೇ

ಮಂಗನ ಕಾಯಿಲೆ ಎಂದರೆ ಕಾಡಿನ ಉಣುಗು (ರಕ್ತ ಹೀರುವ ಸಣ್ಣ ಹುಳ) ಕಚ್ಚಿ ಬರುವ ವೈರಸ್ ಜ್ವರ, ಮಂಗಗಳೂ ಇದರಿಂದ ಸಾಯುತ್ತವೆ. ತಿಂಗಳ ಹಿಂದೆ ಇಲ್ಲಿ ಕೇಳಿದ್ದೆ: ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಪ್ಪನಿಗೆ ಐದು ದಿನದಿಂದ ಜ್ವರ, ಸಹಿಸಲಾಗದ ಸೊಂಟನೋವು, ಡೆಂಗಿ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ, ಮುಂದೇನು ಎಂದು.

"ಕಣ್ಣು ಕೆಂಪಾಗಿದೆಯೇ ನೋಡಿ, ಜ್ವರಕ್ಕೆ ಮೊದಲು ಕಾಡಿಗೆ ಹೋಗಿದ್ದರೇ ಕೇಳಿ" ಎಂದವರಿಗೆ ಕೈಮುಗಿಯುತ್ತೇನೆ. ಕಣ್ಣು ನಿಜಕ್ಕೂ ಕೆಂಪಾಗಿತ್ತು. ಅಡಿಕೆ ಬೇಯಿಸುವ ಒಲೆಯ ಹೊಗೆ ಎಂದುಕೊಂಡು ಸುಮ್ಮನಿದ್ದೆವು. ಜ್ವರಕ್ಕೆ ವಾರ ಮೊದಲು ಅಪ್ಪ ಕೊಟ್ಟಿಗೆಗೆ ದರಗು (ಒಣಗಿದ ಎಲೆ) ತರಲು ಗುಡ್ಡಕ್ಕೆ ಹೋಗಿದ್ದರು. ಇಷ್ಟನ್ನು ವೈದ್ಯರಿಗೆ ಹೇಳಿದ ಮೇಲೆಯೇ ವೈರಸ್ ಪತ್ತೆಗೆ ರಕ್ತದ ಆರ್‌ಟಿ-ಪಿಸಿಆರ್ ಪರೀಕ್ಷೆ ಮಾಡಿಸಿದರು. ಪಾಸಿಟಿವ್ ಬಂತು.

ಪಪ್ಪಾಯ ಎಲೆಯ ರಸ ಪ್ರಯೋಜನವಾಗಲಿಲ್ಲ, ವಾಂತಿ ಹೆಚ್ಚಾಯಿತು ಅಷ್ಟೇ. ಈ ಕಾಯಿಲೆಗೆಂದೇ ಔಷಧವಿಲ್ಲ. ಡ್ರಿಪ್, ಪ್ಯಾರಾಸಿಟಮಾಲ್, ಹತ್ತಿರದ ನಿಗಾ. ರಕ್ತಸ್ರಾವದ ಭಯವಿರುವುದರಿಂದ ಆಸ್ಪಿರಿನ್, ಐಬುಪ್ರೊಫೆನ್ ಕೊಡಲೇಬಾರದು ಎಂದರು.

ಸುತ್ತಮುತ್ತ ಒಂದು ಮಂಗವೂ ಸತ್ತಿರಲಿಲ್ಲ, ಮೈಮೇಲೆ ಕಚ್ಚಿದ ಗುರುತೂ ಇರಲಿಲ್ಲ. ಅದಕ್ಕೇ ನಾವು ಮೋಸಹೋದದ್ದು. ಮೈಗೆ ಹತ್ತುವ ಮರಿ ಉಣುಗು ಎಳ್ಳಿಗಿಂತ ಚಿಕ್ಕದು, ಕಚ್ಚಿದರೂ ತಿಳಿಯುವುದಿಲ್ಲ.

ಮತ್ತೊಂದನ್ನು ದಯವಿಟ್ಟು ಗಮನಿಸಿ. ಜ್ವರ ಬಿಟ್ಟು ಅಪ್ಪ ಗೆಲುವಾಗಿದ್ದರು. ಮೂರನೇ ವಾರ ಜ್ವರ ಮರಳಿತು, ತಲೆ ಸಿಡಿಯುವಂಥ ನೋವು, ಕೈನಡುಕ. ಕಾಫಿ ಲೋಟ ಹಿಡಿಯಲಾಗದೆ ಪಂಚೆಯ ಮೇಲೆ ಚೆಲ್ಲಿಕೊಂಡರು. ಕೆಲವರಿಗೆ ಹೀಗೆ ಎರಡನೇ ಸುತ್ತು ಬರುತ್ತದಂತೆ. ಕೂಡಲೇ ಮತ್ತೆ ಆಸ್ಪತ್ರೆಗೆ ಸೇರಿಸಿದೆವು. ಈಗ ಮನೆಯಲ್ಲಿದ್ದಾರೆ, ನಿನ್ನೆ ಲೋಟವನ್ನು ಒಂದೇ ಕೈಯಲ್ಲಿ ಹಿಡಿದು ಕುಡಿದರು.