ಟಿ.ವಿ. ಕಂತು ನೋಡಿದ ಮೇಲೆ ಮೋರ್ಸ್ ಕಾದಂಬರಿಯಲ್ಲಿ ಉಳಿಯುವುದೇನು?

ಪ್ರಶ್ನೆ (ಪುಸ್ತಕಪ್ರಿಯ, ಧಾರವಾಡ):
ಕಾಲಿನ್ ಡೆಕ್ಸ್ಟರ್ ಅವರ ಪತ್ತೇದಾರಿ ಕಾದಂಬರಿ ‘ದಿ ಜ್ಯುವೆಲ್ ದಟ್ ವಾಸ್ ಅವರ್ಸ್’ ಓದಲು ಕುಳಿತೆ. ಆಕ್ಸ್‌ಫರ್ಡಿಗೆ ಬಂದ ಅಮೆರಿಕದ ಪ್ರವಾಸಿಗಳು, ರಾಂಡಾಲ್ಫ್ ಹೋಟೆಲಿನ ಕೋಣೆಯಲ್ಲಿ ಹಠಾತ್ತನೆ ತೀರಿಕೊಳ್ಳುವ ಮಹಿಳೆ, ಆಶ್ಮೋಲಿಯನ್ ವಸ್ತುಸಂಗ್ರಹಾಲಯಕ್ಕೆ ಕೊಡಲೆಂದು ಆಕೆ ತಂದಿದ್ದ ಸ್ಯಾಕ್ಸನ್ ಕಾಲದ ಆಭರಣದ ಕಳವು, ಇವೆಲ್ಲವೂ ಡೆಕ್ಸ್ಟರ್ ಸೃಷ್ಟಿಸಿದ ಪೊಲೀಸ್ ಪತ್ತೇದಾರನ ಕುರಿತ ‘ಇನ್‌ಸ್ಪೆಕ್ಟರ್ ಮೋರ್ಸ್’ ಟಿ.ವಿ. ಸರಣಿಯ ‘ದಿ ವುಲ್ವರ್ಕೋಟ್ ಟಂಗ್’ ಕಂತಿನಲ್ಲಿ ನಾನು ನೋಡಿದ್ದೇ ಆಗಿವೆ. ಕೊಲೆಗಾರ ಯಾರೆಂದು ಮೊದಲೇ ಗೊತ್ತಿರುವವರು ಇದನ್ನು ಮುಂದುವರಿಸುವುದರಲ್ಲಿ ಅರ್ಥವಿದೆಯೇ?

ಉತ್ತರ (ಮಲೆನಾಡಿನ ಓದುಗ):
ದಯವಿಟ್ಟು ಮುಂದುವರಿಸಿ. ಸಾಮಾನ್ಯವಾಗಿ ಕಾದಂಬರಿ ಮೊದಲು ಬಂದು ಆಮೇಲೆ ಅದು ಪರದೆಗೆ ಏರುತ್ತದೆ. ಇಲ್ಲಿ ಆಗಿರುವುದು ಅದರ ತಿರುವುಮುರುವು. ಡೆಕ್ಸ್ಟರ್ ಅವರ ಕಥಾವಸ್ತುವನ್ನು ಆಧರಿಸಿ ಜೂಲಿಯನ್ ಮಿಚೆಲ್ ಚಿತ್ರಕಥೆ ಬರೆದ ಆ ಕಂತು 1987ರಲ್ಲಿ ಪ್ರಸಾರವಾಯಿತು, ಕಾದಂಬರಿ ಹೊರಬಂದದ್ದು 1991ರಲ್ಲಿ. ಕಂತನ್ನು ಲಕ್ಷಾಂತರ ಜನ ನೋಡಿಯಾಗಿದೆ ಎಂಬುದು ತಿಳಿದೇ ಬರೆಯಲು ಕುಳಿತ ಲೇಖಕರು ಅದೇ ಬೀಜದಿಂದ ಬೇರೆಯೇ ಗಿಡ ಬೆಳೆಸಿದ್ದಾರೆ: ಪಾತ್ರಗಳ ಹಿನ್ನೆಲೆ ಬದಲಾಗಿದೆ, ಕೊಲೆಯ ಕಾರಣ ಬದಲಾಗಿದೆ, ಪರಿಹಾರವೂ ಬದಲಾಗಿದೆ. ನಿಮಗೆ ಗೊತ್ತಿರುವ ಉತ್ತರವನ್ನೇ ನೆಚ್ಚಿಕೊಂಡು ಓದಿದರೆ ಕೊನೆಯಲ್ಲಿ ಬೆರಗಾಗುತ್ತೀರಿ. ಇದಕ್ಕಿಂತ ಹೆಚ್ಚು ಹೇಳಿದರೆ ನಿಮ್ಮ ಓದಿನ ಸುಖ ಕೆಡುತ್ತದೆ.

ಉತ್ತರ (ಪದಬಂಧದ ಗೆಳತಿ):
ಹಿಂದಿನವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಡೆಕ್ಸ್ಟರ್ ಸ್ವತಃ ಕಠಿಣ ಪದಬಂಧಗಳ ವ್ಯಸನಿಯಾಗಿದ್ದರು. ಮೋರ್ಸ್ ಮತ್ತು ಅವನ ಸಹಾಯಕ ಲೂಯಿಸ್ ಎಂಬ ಹೆಸರುಗಳೂ ಆ ವಲಯದಿಂದಲೇ ಬಂದವು. ಪ್ರತಿ ಅಧ್ಯಾಯದ ತಲೆಯಲ್ಲಿ ಅವರು ಇಡುವ ಉದ್ಧರಣೆಗಳನ್ನು ಹಾರಿಸದೆ ಓದಿ, ಏಕೆಂದರೆ ಕಂತಿನಲ್ಲಿ ಇಲ್ಲದ ಈ ಆಟವೇ ಕಾದಂಬರಿಯ ಜೀವಾಳ ಎಂಬುದು ನನ್ನ ಅಭಿಪ್ರಾಯ.

ಮರುಪ್ರಶ್ನೆ (ಪುಸ್ತಕಪ್ರಿಯ, ಧಾರವಾಡ):
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ 1975ರ ‘ಲಾಸ್ಟ್ ಬಸ್ ಟು ವುಡ್‌ಸ್ಟಾಕ್’ನಿಂದ ಕ್ರಮವಾಗಿ ಓದುವುದು ಒಳ್ಳೆಯದೇ?

ಉತ್ತರ (ಮಲೆನಾಡಿನ ಓದುಗ):
ಒಳ್ಳೆಯದೇ, ಆದರೆ ಒಂದು ವಿಷಯ ತಿಳಿದಿರಲಿ. ಮೊದಲ ಕಾದಂಬರಿಗಳ ಲೂಯಿಸ್ ವೇಲ್ಸಿನವನು, ಮೋರ್ಸ್‌ಗಿಂತ ತುಸು ಹಿರಿಯ. ಟಿ.ವಿ.ಯಲ್ಲಿ ಕೆವಿನ್ ವೇಟ್ಲಿ ಅಭಿನಯಿಸಿದ, ಉತ್ತರ ಇಂಗ್ಲೆಂಡಿನ ಮಾತಿನ ಧಾಟಿಯ ತರುಣ ಅಲ್ಲಿ ಸಿಗುವುದಿಲ್ಲ. ಮೋರ್ಸ್ ಓಡಿಸುವ ಕಾರು ಕೂಡ ಮೊದಲು ಲಾನ್ಸಿಯಾ ಆಗಿತ್ತು. ಟಿ.ವಿ.ಯಲ್ಲಿ ಮೋರ್ಸ್ ಆಗಿ ಅಭಿನಯಿಸಿದ ಜಾನ್ ಥಾ ಅವರ ಜಾಗ್ವಾರ್ ಜನಪ್ರಿಯವಾದ ಮೇಲೆ ಡೆಕ್ಸ್ಟರ್ ತಮ್ಮ ಕಾದಂಬರಿಗಳಲ್ಲಿಯೂ ಅದನ್ನೇ ತಂದರು. ಒಟ್ಟು 13 ಕಾದಂಬರಿಗಳಿವೆ, ನಿಮ್ಮ ಕೈಯಲ್ಲಿರುವುದು ಒಂಬತ್ತನೆಯದು. ಅದಾದ ಮೇಲೆ, ಮೋರ್ಸ್ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಕೊಂಡೇ 1859ರ ಕಾಲುವೆಯ ಕೊಲೆಯೊಂದನ್ನು ಬಿಡಿಸುವ ‘ದಿ ವೆಂಚ್ ಈಸ್ ಡೆಡ್’ ಎತ್ತಿಕೊಳ್ಳಿ, ಕ್ರಮ ತಪ್ಪಿದರೂ ಚಿಂತೆಯಿಲ್ಲ.